ಬ್ರೇಬಮ್ ಬಿಟಿ 19: ಒಂದು ಸ್ಪರ್ಧಾಕಾರಿನ ನಿರ್ಮಾಣವೂ 1966ರ ಅದರ ದಿಗ್ವಿಜಯವೂ

ಯಂತ್ರಗಳ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ವಾಡಿಕೆಯುಂಟು. ಒಂದು ಯಂತ್ರಕ್ಕಿಂತ ಮುಂದಿನದು ಹೆಚ್ಚು ಶಕ್ತಿಯುಳ್ಳದ್ದು, ಅದಕ್ಕಿಂತ ಅದರ ಮುಂದಿನದು ಇನ್ನೂ ಹೆಚ್ಚು ಶಕ್ತಿಯುಳ್ಳದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಕಥೆಯನ್ನು ಏರಿಸಿಕೊಂಡು ಹೋಗುವುದೇ ಆ ವಾಡಿಕೆ. ಮೋಟಾರು ಪಂದ್ಯಗಳ ಚರಿತ್ರೆಯಲ್ಲಂತೂ ಇದು ಬಹಳ ಬಲವಾಗಿ ಬೇರೂರಿದೆ. ಆದರೆ ಈ ಮೆಟ್ಟಿಲುಗಳಿಗೆ ಹೊಂದದ ವರ್ಷಗಳೂ ಕೆಲವುಂಟು. ಅಂಥ ವರ್ಷಗಳಲ್ಲಿ 1966 ಮುಖ್ಯವಾದುದು. ಆ ವರ್ಷ ಜಗತ್ತಿನ ಚಾಂಪಿಯನ್ ಪದವಿಯನ್ನು ಗಳಿಸಿದ ಏಕಾಸನದ ಕಾರು ತನ್ನ ಎದುರಾಳಿಗಳಲ್ಲಿ ಅನೇಕವುಗಳಿಗಿಂತ ಕಡಿಮೆ ಶಕ್ತಿಯದು. ಅದರ ಚೌಕಟ್ಟು ಬೇರೊಂದು ಎಂಜಿನ್ನಿಗಾಗಿ ಮಾಡಿದ್ದು. ಅದರ ಎಂಜಿನ್ನಿನ ಒಡಲು ಅಮೆರಿಕದ ಒಂದು ಸಾಧಾರಣ ಸಂಸಾರದ ಕಾರಿನದು. ಹೀಗಿರುವಾಗ ಅದು ಗೆದ್ದುದು ಹೇಗೆ? ಉಳಿದವರು ಸಿದ್ಧರಾಗಿರಲಿಲ್ಲ, ಆದ್ದರಿಂದ ಇವನು ಗೆದ್ದ ಎಂಬುದು ರೂಢಿಯಲ್ಲಿರುವ ಉತ್ತರ. ಈ ಉತ್ತರ ಸುಳ್ಳಲ್ಲ. ಆದರೆ ಅರ್ಧಕ್ಕೇ ನಿಂತುಬಿಟ್ಟ ಉತ್ತರ. ಸಿದ್ಧವಾಗಿರುವುದು ಅದೃಷ್ಟದಿಂದ ಬರುವ ವಸ್ತುವೋ ಅಥವಾ ಆಲೋಚಿಸಿ ಆರಿಸಿಕೊಂಡ ದಾರಿಯ ಫಲವೋ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಈ ಪಂದ್ಯಗಳಲ್ಲಿ ಓಡುವ ಕಾರು ಹೇಗಿರಬೇಕೆಂಬುದನ್ನು ವಿಧಿಸುವ ನಿಯಮಾವಳಿಗೆ ‘ಫಾರ್ಮುಲಾ’ ಎಂದು ಹೆಸರು. 1961ರಿಂದ 1965ರವರೆಗೆ ಎಂಜಿನ್ನಿನ ಗಾತ್ರ 1.5 ಲೀಟರನ್ನು ಮೀರಕೂಡದೆಂಬ ನಿಯಮವಿದ್ದಿತು. ಈ ಪುಟ್ಟ ಎಂಜಿನ್ನುಗಳು ಅನೇಕರಿಗೆ ರುಚಿಸಲಿಲ್ಲ. 1963ರ ಕೊನೆಯಲ್ಲಿ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯು 1966ರ ಪ್ರಾರಂಭದಿಂದ ಮಿತಿಯನ್ನು ಒಮ್ಮೆಗೇ ಇಮ್ಮಡಿಗೊಳಿಸಿ 3 ಲೀಟರಿಗೆ ಏರಿಸುವುದಾಗಿ ಸಾರಿತು. ಕಾರಿನ ತೂಕ 500 ಕಿಲೋಗ್ರಾಮಿಗೆ ಕಡಿಮೆಯಾಗಬಾರದೆಂದೂ ವಿಧಿಸಿತು. ಅಂದರೆ ಕಾರು ಕಟ್ಟುವವರಿಗೆ ದೊರೆತದ್ದು ಎರಡು ವರ್ಷಗಳ ಅವಕಾಶ. ಹೊಸ ಎಂಜಿನ್ನೊಂದನ್ನು ರೂಪಿಸಿ, ಎರಕ ಹೊಯ್ದು, ಪರೀಕ್ಷಿಸಿ, ಕೆಟ್ಟುದನ್ನು ತಿದ್ದಿ ಓಟಕ್ಕೆ ತರಲು ಇದು ಹೆಚ್ಚಿನ ಕಾಲವೇನೂ ಅಲ್ಲ. ಇದರ ಮೇಲೆ ಇಂಗ್ಲೆಂಡಿನ ತಂಡಗಳಿಗೆ ಇನ್ನೊಂದು ವಿಪತ್ತು ಒದಗಿತು. ಲೋಟಸ್, ಕೂಪರ್, ಬ್ರೇಬಮ್ ಮೊದಲಾದ ತಂಡಗಳೆಲ್ಲ ಕೊವೆಂಟ್ರಿ ಕ್ಲೈಮ್ಯಾಕ್ಸ್ ಎಂಬ ಕಾರ್ಖಾನೆಯಿಂದ ಎಂಜಿನ್ನನ್ನು ಕೊಂಡು ಓಡಿಸುತ್ತಿದ್ದುವು. ಆ ಕಾರ್ಖಾನೆಯು 3 ಲೀಟರಿನ ಎಂಜಿನ್ನನ್ನು ತಾನು ಮಾಡುವುದಿಲ್ಲವೆಂದು ತಿಳಿಸಿ ಪಂದ್ಯಗಳಿಂದ ಹಿಂದೆ ಸರಿಯಿತು. ಅಂಗಡಿ ಮುಚ್ಚಿದ ಮೇಲೆ ಗಿರಾಕಿಗಳು ತಮ್ಮ ತಮ್ಮ ದಾರಿಯನ್ನು ತಾವೇ ಹುಡುಕಬೇಕಾಯಿತು.

ಅವರು ಹುಡುಕಿದ ದಾರಿಗಳೆಲ್ಲ ಬಹುಮಟ್ಟಿಗೆ ಒಂದೇ ದಿಕ್ಕಿನವು. ಗಾತ್ರ ಇಮ್ಮಡಿಯಾದುದರಿಂದ ಶಕ್ತಿಯೂ ಇಮ್ಮಡಿಯಾಗಬೇಕು, ಅದಕ್ಕಾಗಿ ಸಿಲಿಂಡರುಗಳ ಸಂಖ್ಯೆಯನ್ನು ಹೆಚ್ಚಿಸಬೇಕು ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಇಟಲಿಯ ಫೆರಾರಿ ತನ್ನ ದೀರ್ಘಪಂದ್ಯಗಳ ಕಾರುಗಳ ಅನುಭವದಿಂದ 12 ಸಿಲಿಂಡರಿನ ಎಂಜಿನ್ನನ್ನು ಸಿದ್ಧಪಡಿಸಿ 360 ಅಶ್ವಶಕ್ತಿಯೆಂದು ಸಾರಿತು. ಕೂಪರ್ ತಂಡ ಮಾಸೆರಾಟಿಯ 12 ಸಿಲಿಂಡರಿನ ಎಂಜಿನ್ನನ್ನು ತರಿಸಿಕೊಂಡಿತು. ಅದರ ಮೂಲರೂಪ 1957ರಷ್ಟು ಹಳೆಯದು. ಬಿ.ಆರ್.ಎಂ. ತಂಡದವರ ಸಾಹಸ ಎಲ್ಲಕ್ಕಿಂತ ದೊಡ್ಡದು. ಎಂಟು ಸಿಲಿಂಡರಿನ ಎರಡು ಎಂಜಿನ್ನುಗಳನ್ನು ಮಲಗಿಸಿ ಒಂದರ ಮೇಲೊಂದನ್ನು ಇಟ್ಟಂತೆ ಅವರು 16 ಸಿಲಿಂಡರಿನ ಒಂದು ಯಂತ್ರವನ್ನು ಕಟ್ಟಿದರು. ಅದರ ಭಾರವೂ ತೊಡಕೂ ಎಷ್ಟೆಂದರೆ ಆ ವರ್ಷದ ಬಹುಭಾಗ ಅವರು ತಮ್ಮ ಹಳೆಯ ಎಂಟು ಸಿಲಿಂಡರಿನ ಎಂಜಿನ್ನನ್ನೇ 2 ಲೀಟರಿಗೆ ಹಿಗ್ಗಿಸಿ ಓಡಿಸಬೇಕಾಯಿತು. ಹೋಂಡಾದವರ 12 ಸಿಲಿಂಡರಿನ ಕಾರು ಸೆಪ್ಟೆಂಬರಿಗೆ ಮುಂಚೆ ಕಾಣಿಸಿಕೊಳ್ಳಲೇ ಇಲ್ಲ. ಲೋಟಸ್ ತಂಡವು ಜಿಮ್ ಕ್ಲಾರ್ಕನಂಥ ಅಸಾಧಾರಣ ಚಾಲಕನನ್ನು ಪಡೆದಿದ್ದರೂ ಅವನಿಗೆ ಬಹುಕಾಲ 2 ಲೀಟರಿನ ಹಳೆಯ ಎಂಜಿನ್ನನ್ನಷ್ಟೇ ಒದಗಿಸಲು ಶಕ್ತವಾಯಿತು.

ಇವರ ನಡುವೆ ಜ್ಯಾಕ್ ಬ್ರೇಬಮ್ ಹಿಡಿದದ್ದು ಬೇರೊಂದು ದಾರಿ. 1926ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ಹರ್ಸ್ಟ್‌ವಿಲ್ ಎಂಬ ಭಾಗದಲ್ಲಿ ಹುಟ್ಟಿದ ಈತ ಮಣ್ಣಿನ ಓಟದ ಬಯಲುಗಳಲ್ಲಿ ಪುಟ್ಟ ಕಾರುಗಳನ್ನು ಓಡಿಸಿ ಪಳಗಿದವನು. ತನ್ನ ಕಾರನ್ನು ತಾನೇ ಬಿಚ್ಚಿ ಕಟ್ಟಬಲ್ಲ ಕೈಕೆಲಸದವನು. 1955ರಲ್ಲಿ ಇಂಗ್ಲೆಂಡಿಗೆ ಬಂದು ಕೂಪರ್ ತಂಡವನ್ನು ಸೇರಿ 1959 ಮತ್ತು 1960ರಲ್ಲಿ ಎರಡು ಬಾರಿ ಜಗತ್ತಿನ ಚಾಂಪಿಯನ್ ಆದನು. ಆಮೇಲೆ ಕೂಪರರನ್ನು ಬಿಟ್ಟು ಸ್ವದೇಶದ ಗೆಳೆಯ ರಾನ್ ಟೌರನಾಕನೊಡನೆ ಸ್ವಂತ ಕಾರ್ಖಾನೆಯನ್ನು ಹೂಡಿದನು. ಕಾರುಗಳ ಹೆಸರಿನಲ್ಲಿರುವ ‘ಬಿಟಿ’ ಎಂಬ ಎರಡಕ್ಷರಗಳು ಬ್ರೇಬಮ್ ಮತ್ತು ಟೌರನಾಕ್ ಎಂಬ ಈ ಇಬ್ಬರ ಹೆಸರುಗಳ ಮೊದಲಕ್ಷರಗಳೇ. ಈ ಕಾರ್ಖಾನೆಯ ಜೀವನಾಧಾರ ದೊಡ್ಡ ಪಂದ್ಯಗಳಲ್ಲ. ಚಿಕ್ಕ ಪಂದ್ಯಗಳಲ್ಲಿ ಓಡಿಸುವ ಗಿರಾಕಿಗಳಿಗೆ ಕಾರುಗಳನ್ನು ಮಾಡಿ ಮಾರುವ ವ್ಯಾಪಾರ. ಈ ಸಂಗತಿ ಸಣ್ಣದಾಗಿ ಕಂಡರೂ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಕೊಂಡವನು ತನ್ನ ಊರಿನಲ್ಲಿಯೇ ರಿಪೇರಿ ಮಾಡಿಕೊಳ್ಳುವಂತಿರಬೇಕು, ಮುರಿದರೆ ಬೆಸೆಯುವಂತಿರಬೇಕು, ಹೊಂದಿಸುವುದಕ್ಕೆ ಪಂಡಿತನೇ ಬೇಕಾಗಬಾರದು ಎಂಬ ವ್ಯಾಪಾರಿಯ ವಿವೇಕ ಅವರ ಪಂದ್ಯದ ಕಾರುಗಳಲ್ಲಿಯೂ ಇಳಿದು ಬಂದಿತು.

ಎಂಜಿನ್ನಿನ ಕಥೆ ಮೆಲ್ಬೋರ್ನಿನದು. ಅಲ್ಲಿನ ರೆಪ್ಕೊ ಎಂಬುದು ಮೋಟಾರುಗಳ ಬಿಡಿಭಾಗಗಳನ್ನು ತಯಾರಿಸಿ ಮಾರುವ ದೊಡ್ಡ ಕಂಪೆನಿ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ 1964ರಲ್ಲಿ ಆರಂಭವಾದ ಟಾಸ್ಮನ್ ಪಂದ್ಯಮಾಲೆಗೆ 2.5 ಲೀಟರಿನ ಒಂದು ಎಂಜಿನ್ ಬೇಕಾಗಿದ್ದಿತು. ಅದೇ ಎಂಜಿನ್ನನ್ನು ಹಿಗ್ಗಿಸಿದರೆ ಹೊಸ 3 ಲೀಟರಿನ ಫಾರ್ಮುಲಾಕ್ಕೂ ಒದಗುವುದೆಂಬುದು ಬ್ರೇಬಮನ ಲೆಕ್ಕ. ಆದರೆ ಎಂಜಿನ್ನಿನ ಒಡಲನ್ನು ಹೊಸದಾಗಿ ರೂಪಿಸಿ ಎರಕ ಹೊಯ್ಯಲು ಹಣವೂ ಇಲ್ಲ, ಸಮಯವೂ ಇಲ್ಲ. ಆಗ ಅವನ ಕಣ್ಣಿಗೆ ಬಿದ್ದದ್ದು ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯು 1961ರಿಂದ 1963ರವರೆಗೆ ಓಲ್ಡ್ಸ್‌ಮೊಬೀಲ್ ಕಾರುಗಳಿಗಾಗಿ ತಯಾರಿಸಿ ಕೈಬಿಟ್ಟಿದ್ದ ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್. ಅದರ ಒಡಲು ಹಗುರ, ದೊರೆಯುವುದು ಸುಲಭ. ಆ ಒಡಲನ್ನು ಉಳಿಸಿಕೊಂಡು ಉಳಿದುದನ್ನೆಲ್ಲ ಹೊಸದಾಗಿ ಮಾಡುವುದೆಂದು ನಿಶ್ಚಯವಾಯಿತು.

ಈ ಕೆಲಸವನ್ನು ವಹಿಸಿಕೊಂಡವನು ಫಿಲ್ ಅರ್ವಿಂಗ್. ಇಂಗ್ಲೆಂಡಿನ ವಿನ್ಸೆಂಟ್ ಮೋಟಾರುಸೈಕಲ್ಲುಗಳ ಎಂಜಿನ್ನುಗಳಿಂದ ಹೆಸರು ಪಡೆದಿದ್ದ ಈ ಆಸ್ಟ್ರೇಲಿಯದ ಎಂಜಿನಿಯರನು ಕೈಗೆ ಸಿಕ್ಕುವ ವಸ್ತುಗಳಿಂದಲೇ ಕೆಲಸ ಸಾಧಿಸುವುದರಲ್ಲಿ ನಿಪುಣ. ಮೂಲ ಎಂಜಿನ್ನಿನಲ್ಲಿ ಕವಾಟಗಳನ್ನು ತೆರೆಯುವ ದಂಡ ಒಡಲಿನ ನಡುವೆ ಇದ್ದಿತು. ಅರ್ವಿಂಗ್ ಅದನ್ನು ತೆಗೆದು ಎರಡು ಸಾಲಿನ ಸಿಲಿಂಡರುಗಳಿಗೂ ಹೊಸ ತಲೆಗಳನ್ನು ರೂಪಿಸಿ, ಒಂದೊಂದು ತಲೆಯ ಮೇಲೂ ಒಂದೊಂದೇ ಕ್ಯಾಮ್ ದಂಡವನ್ನು ಇರಿಸಿ, ಅವುಗಳನ್ನು ಸರಪಣಿಯಿಂದ ತಿರುಗಿಸುವಂತೆ ಮಾಡಿದನು. ಸಿಲಿಂಡರಿಗೆ ಎರಡೇ ಕವಾಟ. ಪಂದ್ಯದ ಎಂಜಿನ್ನುಗಳಲ್ಲಿ ತಲೆಗೆ ಎರಡೆರಡು ದಂಡಗಳನ್ನು ಇಡುವುದು ಆಗಿನ ರೂಢಿಯಾಗಿದ್ದಾಗ ಒಂದಕ್ಕೇ ತೃಪ್ತಿಪಟ್ಟುಕೊಂಡುದು ಹಿಂದುಳಿದ ಕ್ರಮವೆಂದು ಯಾರಿಗಾದರೂ ತೋರಬಹುದು. ಆದರೆ ಇದರಿಂದ ಎಂಜಿನ್ನಿನ ಅಗಲ ಮೂಲದ ಅಗಲವನ್ನು ಮೀರಲಿಲ್ಲ. ಎಂಟು ಸಿಲಿಂಡರಿಗಾಗಿ ಮಾಡದ ಚೌಕಟ್ಟಿನಲ್ಲಿಯೂ ಅದು ಕುಳಿತುಕೊಂಡಿತು. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ತೋಳುಗಳನ್ನು ಹೊಸದಾಗಿ ಮಾಡಿಸುವ ಗೋಜಿಗೆ ಹೋಗದೆ ಡೈಮ್ಲರ್ ಕಾರಿನವನ್ನೇ ಬಳಸಿಕೊಂಡರು. ಹೀಗೆ ಸಿದ್ಧವಾದ 3 ಲೀಟರಿನ ಎಂಜಿನ್ನಿನಿಂದ ದೊರೆತ ಶಕ್ತಿ ಸುಮಾರು 300 ಅಶ್ವಶಕ್ತಿ. ಫೆರಾರಿ ಸಾರಿದ್ದ ಸಂಖ್ಯೆಗಿಂತ ಇದು ಅರುವತ್ತರಷ್ಟು ಕಡಿಮೆ. ಇಂಥ ಸಾರಿದ ಸಂಖ್ಯೆಗಳಲ್ಲಿ ಕಾರ್ಖಾನೆಯ ಹೆಮ್ಮೆಯೂ ಸ್ವಲ್ಪ ಬೆರೆತಿರುತ್ತದೆಂಬುದನ್ನು ವಾಚಕರು ಮರೆಯಬಾರದು. ಹೇಗೂ ಅಂತರವಿದ್ದದ್ದು ನಿಜ. ಆದರೆ ಶಕ್ತಿ ಕಡಿಮೆಯಾದ ಈ ಎಂಜಿನ್ ಪೆಟ್ರೋಲನ್ನೂ ಕಡಿಮೆ ಕುಡಿಯುತ್ತಿದ್ದಿತು. ಕುಡಿಯುವುದು ಕಡಿಮೆಯಾದರೆ ಓಟದ ಆರಂಭದಲ್ಲಿ ಹೊರಬೇಕಾದ ಪೆಟ್ರೋಲಿನ ಭಾರವೂ ಕಡಿಮೆ. ಭಾರ ಕಡಿಮೆಯಾದರೆ ತಿರುವುಗಳಲ್ಲಿ ತಡೆಯುವುದೂ, ತಿರುವು ಮುಗಿದೊಡನೆ ಮತ್ತೆ ವೇಗ ಪಡೆಯುವುದೂ ಸುಲಭ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಈ ಲೆಕ್ಕವನ್ನು ಅಶ್ವಶಕ್ತಿಯ ಪಟ್ಟಿಯೊಂದನ್ನೇ ನೋಡುವವರು ಕಾಣಲಾರರು.

ಇನ್ನು ಕಾರಿನ ಮಾತು. ಬಿಟಿ 19 ಎಂಬ ಮಾದರಿಯಲ್ಲಿ ತಯಾರಾದದ್ದು ಒಂದೇ ಒಂದು ಕಾರು. 1965ರಲ್ಲಿ ಕ್ಲೈಮ್ಯಾಕ್ಸ್ ಕಾರ್ಖಾನೆಯು 1.5 ಲೀಟರಿನಲ್ಲಿಯೇ 16 ಸಿಲಿಂಡರುಗಳುಳ್ಳ ಒಂದು ಎಂಜಿನ್ನನ್ನು ಮಾಡಹೊರಟಿತ್ತು. ಅದಕ್ಕಾಗಿ ಟೌರನಾಕ್ ಈ ಚೌಕಟ್ಟನ್ನು ಕಟ್ಟಿದ್ದನು. ಆ ಎಂಜಿನ್ ಓಟಕ್ಕೆ ಬರಲೇ ಇಲ್ಲ. ಚೌಕಟ್ಟು ಹಾಗೆಯೇ ಮೂಲೆಯಲ್ಲಿ ಉಳಿಯಿತು. ಮೆಲ್ಬೋರ್ನಿನ ಎಂಜಿನ್ ಸಿದ್ಧವಾದಾಗ ಅದಕ್ಕೆ ಹೊಸ ಕಾರು ಕಟ್ಟುವಷ್ಟು ಕಾಲವಿರಲಿಲ್ಲವಾಗಿ ಉಳಿದಿದ್ದ ಈ ಚೌಕಟ್ಟನ್ನೇ ತಿದ್ದಿ ಹೊಂದಿಸಿದರು. 1962ರಲ್ಲಿ ಲೋಟಸ್ ತಂಡವು ಲೋಹದ ತಗಡುಗಳಿಂದಲೇ ಗಟ್ಟಿಯಾದ ಒಡಲನ್ನು ಕಟ್ಟುವ ‘ಮಾನೊಕಾಕ್’ ಕ್ರಮವನ್ನು ತಂದ ಮೇಲೆ ಕೊಳವೆಗಳನ್ನು ಬೆಸೆದು ಮಾಡುವ ಚೌಕಟ್ಟು ಹಳೆಯ ಕಾಲದ್ದಾಯಿತೆಂದು ಅನೇಕರು ತೀರ್ಮಾನಿಸಿದ್ದರು. ಟೌರನಾಕ್ ಹಾಗೆ ಭಾವಿಸಲಿಲ್ಲ. ಕೊಳವೆಯ ಚೌಕಟ್ಟು ಬಾಗಿದರೆ ರಾತ್ರಿಯೊಳಗೆ ಕತ್ತರಿಸಿ ಬೆಸೆಯಬಹುದು. ತಗಡಿನ ಒಡಲು ಜಖಂ ಆದರೆ ಕಾರ್ಖಾನೆಗೇ ಹೋಗಬೇಕು. ಚಾಲಕನ ಸುತ್ತಲಿನ ಭಾಗದಲ್ಲಿ ಮಾತ್ರ ಅವನು ದುಂಡು ಕೊಳವೆಗೆ ಬದಲಾಗಿ ಅಂಡಾಕಾರದ ಕೊಳವೆಯನ್ನು ಬಳಸಿದನು. ಬಾಗಿಸುವ ಬಲ ಯಾವ ದಿಕ್ಕಿನಿಂದ ಬರುವುದೋ ಆ ದಿಕ್ಕಿಗೆ ಇಂಥ ಕೊಳವೆ ಹೆಚ್ಚು ಗಟ್ಟಿ. ತೂಗುಸಾಧನದ ಸ್ಪ್ರಿಂಗುಗಳನ್ನೂ, ಗಾಳಿಗೆ ಅಡ್ಡವಾಗುವುದೆಂದು ಬೇರೆಯವರು ಒಡಲೊಳಗೆ ಅಡಗಿಸುತ್ತಿದ್ದಾಗ, ಅವನು ಹೊರಗೇ ಇರಿಸಿದನು. ಹೊಂದಿಸುವುದಕ್ಕೆ ಕೈಗೆ ಸಿಕ್ಕುವಂತಿರಲಿ ಎಂಬುದೇ ಕಾರಣ. ಬ್ರೇಬಮ್ ಈ ಕಾರನ್ನು ಪ್ರೀತಿಯಿಂದ ‘ಹಳೆಯ ಮೊಳೆ’ ಎಂದು ಕರೆಯುತ್ತಿದ್ದನಂತೆ.

1966ರ ಜನವರಿ 1ನೆಯ ದಿನ, ಎಂದರೆ ಹೊಸ ಫಾರ್ಮುಲಾ ಜಾರಿಗೆ ಬಂದ ಮೊದಲ ದಿನವೇ, ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ನಗರದಲ್ಲಿ ನಡೆದ ಪಂದ್ಯದಲ್ಲಿ ಬಿಟಿ 19 ತನ್ನ 3 ಲೀಟರಿನ ಎಂಜಿನ್ನಿನೊಡನೆ ಕಣಕ್ಕಿಳಿಯಿತು. ಅದು ಚಾಂಪಿಯನ್ ಪದವಿಗೆ ಎಣಿಕೆಯಾಗದ ಪಂದ್ಯ. ಅಭ್ಯಾಸದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಓಟದಲ್ಲಿಯೂ ಮುಂದಿದ್ದ ಕಾರು ಪೆಟ್ರೋಲ್ ಚಿಮ್ಮಿಸುವ ಪಂಪು ಬಿಗಿದುಕೊಂಡು ನಿಂತಿತು. ಫಲಿತಾಂಶದ ಪಟ್ಟಿಯಲ್ಲಿ ಇದು ಸೋಲು. ಆದರೆ ಎದುರಾಳಿಗಳ ಎಂಜಿನ್ನುಗಳು ಇನ್ನೂ ನಕ್ಷೆಯ ಮೇಜಿನ ಮೇಲೋ ಪರೀಕ್ಷಾ ಕೊಠಡಿಯಲ್ಲೋ ಇದ್ದಾಗ ಇವರ ಎಂಜಿನ್ ಬಯಲಿಗೆ ಬಂದು ತನ್ನ ರೋಗಗಳನ್ನು ತೋರಿಸಿಕೊಳ್ಳುತ್ತಿದ್ದಿತು. ನಾಲ್ಕು ತಿಂಗಳ ತರುವಾಯ, ಮೇ ತಿಂಗಳಿನಲ್ಲಿ ಸಿಲ್ವರ್‌ಸ್ಟೋನಿನ ಪಂದ್ಯದಲ್ಲಿ ಬ್ರೇಬಮ್ ಫೆರಾರಿಯ ಜಾನ್ ಸರ್ಟೀಸನನ್ನು ಹಿಂದಿಕ್ಕಿ ಗೆದ್ದುದು ಆ ತಿಂಗಳುಗಳ ಫಲವೆನ್ನಬೇಕು.

ಚಾಂಪಿಯನ್ ಪದವಿಗೆ ಎಣಿಕೆಯಾಗುವ ಪಂದ್ಯಗಳು ಆ ವರ್ಷ ಒಂಬತ್ತು; ಅವುಗಳಲ್ಲಿ ಉತ್ತಮವಾದ ಐದರ ಅಂಕಗಳನ್ನು ಮಾತ್ರ ಕೂಡಿಸಬೇಕೆಂಬ ನಿಯಮ. ಮೇ 22ರಂದು ಮೊನಾಕೊದಲ್ಲಿ ಅಸ್ವಸ್ಥನಾಗಿಯೇ ಓಡಿದ ಬ್ರೇಬಮನ ಕಾರಿನ ಗೇರುಪೆಟ್ಟಿಗೆ ಕೆಟ್ಟಿತು, ಬಿ.ಆರ್.ಎಂ.ನ 2 ಲೀಟರಿನ ಕಾರಿನಲ್ಲಿ ಜ್ಯಾಕಿ ಸ್ಟೂವರ್ಟ್ ಗೆದ್ದನು. ಜೂನ್ 12ರಂದು ಬೆಲ್ಜಿಯಮಿನ ಸ್ಪಾದಲ್ಲಿ ಮೊದಲ ಸುತ್ತಿನಲ್ಲಿಯೇ ಸುರಿದ ಮಳೆಗೆ ಸಿಕ್ಕಿ ಅನೇಕ ಕಾರುಗಳು ದಾರಿ ಬಿಟ್ಟು ಹೊರಬಿದ್ದುವು. ಸರ್ಟೀಸ್ ಗೆದ್ದನು, ಬ್ರೇಬಮ್ ನಾಲ್ಕನೆಯವನು. ಅಲ್ಲಿಗೆ ಅವನಿಗೆ ದೊರೆತಿದ್ದ ಅಂಕ ಮೂರೇ. ಅದೇ ತಿಂಗಳಿನಲ್ಲಿ ಸರ್ಟೀಸನಿಗೂ ಫೆರಾರಿ ತಂಡದ ವ್ಯವಸ್ಥಾಪಕನಿಗೂ ಲೆ ಮಾನ್ಸಿನಲ್ಲಿ ಜಗಳವಾಗಿ, ಗೆದ್ದು ಒಂದು ವಾರವೂ ಕಳೆದಿರದ ಚಾಲಕನು ತಂಡವನ್ನು ಬಿಟ್ಟು ಹೊರಬಂದನು. ಬ್ರೇಬಮನ ವಿಜಯವನ್ನು ಅದೃಷ್ಟವೆನ್ನುವವರು ಮುಖ್ಯವಾಗಿ ಆಧಾರವಾಗಿ ಹಿಡಿಯುವುದು ಈ ಘಟನೆಯನ್ನು.

ಜುಲೈ 3ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ನಡೆದ ಪಂದ್ಯವನ್ನು ಕೊಂಚ ನಿಧಾನವಾಗಿ ನೋಡಬೇಕು. ಅದು ಉದ್ದನೆಯ ನೇರ ಹಾದಿಗಳ ಓಟದ ದಾರಿ. ಶಕ್ತಿಯೊಂದೇ ಅಲ್ಲಿ ದೇವರು. ಫೆರಾರಿಯ ಲೊರೆಂಜೊ ಬಂಡೀನಿ ಆರಂಭದಿಂದಲೇ ಮುಂದೆ ನುಗ್ಗಿದನು. ಬ್ರೇಬಮ್ ಮಾಡಿದ ಉಪಾಯವೆಂದರೆ ಮೊದಲ ಸುತ್ತುಗಳಲ್ಲಿ ಫೆರಾರಿಯ ಬೆನ್ನಿಗೆ ಅಂಟಿಕೊಂಡು, ಅದು ಗಾಳಿಯನ್ನು ಸೀಳಿ ಹೋಗುವಾಗ ಹಿಂದೆ ಉಂಟಾಗುವ ತೆರವಿನಲ್ಲಿ ತನ್ನ ಕಾರನ್ನು ಎಳೆಸಿಕೊಂಡು ಹೋದುದು. ಆ ಎಳೆತ ತಪ್ಪಿದ ಮೇಲೆ ಬಂಡೀನಿ ದೂರ ಸರಿದನು; ಆದರೆ ಅಷ್ಟರೊಳಗೆ ಉಳಿದವರೆಲ್ಲ ಬ್ರೇಬಮನಿಗಿಂತ ದೂರ ಹಿಂದೆ ಬಿದ್ದಿದ್ದರು. ಮುಕ್ಕಾಲು ಪಾಲು ಓಟ ಮುಗಿಯುವುದರೊಳಗೆ ಬಂಡೀನಿಯ ಕಾರಿನ ವೇಗನಿಯಂತ್ರಣದ ತಂತಿ ತುಂಡಾಯಿತು. ಬ್ರೇಬಮ್ ಫೆರಾರಿಯ ಮೈಕ್ ಪಾರ್ಕ್ಸನಿಗಿಂತ ಸುಮಾರು ಹತ್ತು ಸೆಕೆಂಡು ಮುಂಚಿತವಾಗಿ ಗುರಿ ಮುಟ್ಟಿದನು. ತನ್ನ ಹೆಸರಿನ ಕಾರಿನಲ್ಲಿ ತಾನೇ ಓಡಿಸಿ ಜಗತ್ತಿನ ಚಾಂಪಿಯನ್ ಪಂದ್ಯವೊಂದನ್ನು ಗೆದ್ದ ಮೊದಲಿಗನೆಂಬ ಕೀರ್ತಿ ಅವನದಾಯಿತು. ಈ ಗೆಲುವು ಬಂಡೀನಿಯ ದುರದೃಷ್ಟದ ಕೊಡುಗೆಯೆಂಬುದನ್ನು ಒಪ್ಪಲೇಬೇಕು. ಕೊಡುಗೆ ಬಂದಾಗ ಕೈಯೊಡ್ಡುವಷ್ಟು ಹತ್ತಿರದಲ್ಲಿದ್ದವನು ಇವನೊಬ್ಬನೇ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಜುಲೈ 16ರಂದು ಬ್ರಾಂಡ್ಸ್ ಹ್ಯಾಚಿನಲ್ಲಿ ವಾದಕ್ಕೆ ಎಡೆಯಿಲ್ಲ. ತಿರುವುಗಳೂ ಏರಿಳಿತಗಳೂ ತುಂಬಿದ ಆ ದಾರಿಯಲ್ಲಿ ಬ್ರೇಬಮ್ ಮೊದಲಿನಿಂದ ಕೊನೆಯವರೆಗೂ ಮುಂದಿದ್ದು ಗೆದ್ದನು. ಅದೇ ತಂಡದ ಡೆನಿ ಹಲ್ಮ್ ಎರಡನೆಯವನಾದನು. ಇಟಲಿಯಲ್ಲಿ ಕಾರ್ಮಿಕರ ಮುಷ್ಕರವಿದ್ದುದರಿಂದ ಫೆರಾರಿ ಆ ಪಂದ್ಯಕ್ಕೆ ಬರಲಿಲ್ಲ. ಜುಲೈ 24ರಂದು ಹಾಲೆಂಡಿನ ಜಾಂಡ್‌ವೋರ್ಟಿನಲ್ಲಿ ಒಂದು ತಮಾಷೆ ನಡೆಯಿತು. ನಲವತ್ತು ತುಂಬಿದ ಬ್ರೇಬಮನನ್ನು ಪತ್ರಿಕೆಗಳು ಮುದುಕನೆಂದು ಕರೆಯುತ್ತಿದ್ದುವು. ಅವನು ಉದ್ದನೆಯ ಸುಳ್ಳುಗಡ್ಡ ಕಟ್ಟಿಕೊಂಡು ಕೋಲೂರಿ ಕುಂಟುತ್ತ ತನ್ನ ಕಾರಿನ ಬಳಿಗೆ ಬಂದು ಕುಳಿತನು! ಅಂದು ಕ್ಲಾರ್ಕ್ ತನ್ನ 2 ಲೀಟರಿನ ಲೋಟಸ್ಸಿನಲ್ಲಿ ಬ್ರೇಬಮನನ್ನು ದಾಟಿ ಬಹುದೂರ ಮುಂದಿದ್ದನು. ಎಂಜಿನ್ನಿನ ನೀರು ಸೋರಿ ಅವನು ನಿಲ್ಲಬೇಕಾಗಿ ಬಂದು ಗೆಲುವು ಬ್ರೇಬಮನ ಪಾಲಾಯಿತು. ಆಗಸ್ಟ್ 7ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ ಸುತ್ತಿಗೆ 22.8 ಕಿಲೋಮೀಟರಿನಂತೆ 15 ಸುತ್ತು, ಅದೂ ಮಳೆಯಲ್ಲಿ. ಈಗ ಕೂಪರ್-ಮಾಸೆರಾಟಿಯಲ್ಲಿದ್ದ ಸರ್ಟೀಸ್ ಬೆನ್ನು ಬಿಡದೆ ಬಂದರೂ ಬ್ರೇಬಮ್ ಸತತವಾಗಿ ನಾಲ್ಕನೆಯ ವಿಜಯವನ್ನು ಪಡೆದನು. ಅದೇ ಓಟದ ಮೊದಲ ಸುತ್ತಿನಲ್ಲಿ ಸುಟ್ಟ ಗಾಯಗಳಿಗೆ ಗುರಿಯಾದ ಜಾನ್ ಟೇಲರ್ ಎಂಬ ಚಾಲಕನು ಮರುತಿಂಗಳು ತೀರಿಕೊಂಡನು. ಆ ಕಾಲದ ಯಾವ ವಿಜಯದ ಕಥೆಯ ಪಕ್ಕದಲ್ಲಿಯೂ ಇಂಥದೊಂದು ಸಾಲು ಇದ್ದೇ ಇರುತ್ತದೆ.

ಸೆಪ್ಟೆಂಬರ್ 4ರಂದು ಮೊಂಜಾದಲ್ಲಿ ಫೆರಾರಿಯ ಲುಡೊವಿಕೊ ಸ್ಕಾರ್ಫಿಯೊಟ್ಟಿ ಗೆದ್ದನು. ಬ್ರೇಬಮನ ಕಾರು ಎಣ್ಣೆ ಸೋರಿ ಕೆಲವೇ ಸುತ್ತುಗಳಲ್ಲಿ ನಿಂತಿತು. ಆದರೆ ಸರ್ಟೀಸನ ಕಾರೂ ನಿಂತುದರಿಂದ ಪದವಿಯ ಪ್ರಶ್ನೆ ಅಲ್ಲಿಯೇ ಇತ್ಯರ್ಥವಾಯಿತು. ಕಾರಿನಿಂದಿಳಿದು ನೋಡುತ್ತಿದ್ದವನು ಮೂರನೆಯ ಬಾರಿ ಜಗತ್ತಿನ ಚಾಂಪಿಯನ್ ಆದನು. ಅಮೆರಿಕದ ಪಂದ್ಯವನ್ನು ಬಿ.ಆರ್.ಎಂ.ನ ಆ 16 ಸಿಲಿಂಡರಿನ ಎಂಜಿನ್ನಿನಿಂದಲೇ ಕ್ಲಾರ್ಕ್ ಗೆದ್ದನೆಂಬುದು ಒಂದು ಸೋಜಿಗ. ಮೆಕ್ಸಿಕೊದಲ್ಲಿ ಸರ್ಟೀಸ್ ಗೆದ್ದು ಬ್ರೇಬಮ್ ಎರಡನೆಯವನಾದನು. ಕೊನೆಯ ಲೆಕ್ಕದಲ್ಲಿ ಬ್ರೇಬಮನಿಗೆ 42, ಸರ್ಟೀಸನಿಗೆ 28 ಅಂಕಗಳು. ಕಾರು ಕಟ್ಟುವವರ ಪದವಿಯೂ ಬ್ರೇಬಮ್-ರೆಪ್ಕೊವಿನದಾಯಿತು. ತನ್ನ ಹೆಸರಿನ ಕಾರಿನಲ್ಲಿ ಜಗತ್ತಿನ ಚಾಂಪಿಯನ್ ಪದವಿ ಪಡೆದ ಚಾಲಕ ಇಂದಿನವರೆಗೂ ಅವನೊಬ್ಬನೇ.

ಈಗ ಅದೃಷ್ಟದ ವಾದವನ್ನು ತೂಗಿ ನೋಡಬಹುದು. ನಾಲ್ಕು ವಿಜಯಗಳಲ್ಲಿ ರೀಮ್ಸಿನದು ಮತ್ತು ಜಾಂಡ್‌ವೋರ್ಟಿನದು ಎದುರಾಳಿಯ ಕಾರು ಕೆಟ್ಟುದರಿಂದ ಬಂದುವು. ಬ್ರಾಂಡ್ಸ್ ಹ್ಯಾಚಿನಲ್ಲಿ ಫೆರಾರಿ ಇರಲಿಲ್ಲ. ಸಂಪೂರ್ಣ ನಿರ್ವಿವಾದವಾದುದು ನ್ಯೂರ್ಬರ್ಗ್‌ರಿಂಗಿನದು ಒಂದೇ. ಸರ್ಟೀಸ್ ಫೆರಾರಿಯಲ್ಲಿಯೇ ಉಳಿದಿದ್ದರೆ ಪದವಿ ಅವನದಾಗುತ್ತಿತ್ತೆಂದು ಹೇಳುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಬಂಡೀನಿಯ ತಂತಿ ತುಂಡಾದದ್ದೂ, ಕ್ಲಾರ್ಕನ ಎಂಜಿನ್ನಿನ ನೀರು ಸೋರಿದ್ದೂ, ಬಿ.ಆರ್.ಎಂ. ತಂಡ ತನ್ನ ಹೊಸ ಎಂಜಿನ್ನನ್ನು ಹೊರತರಲಾರದೆ ಹೋದದ್ದೂ ಆಕಾಶದಿಂದ ಬಿದ್ದ ಸಿಡಿಲುಗಳಲ್ಲ. ಹೊಸ ಯಂತ್ರವನ್ನು ಅವಸರದಲ್ಲಿ ಕಣಕ್ಕೆ ತಂದವನೂ, ಅದು ಸಿದ್ಧವಾಗದೆ ಹಳೆಯ ಪುಟ್ಟ ಎಂಜಿನ್ನನ್ನು ಶಕ್ತಿಮೀರಿ ದುಡಿಸಿದವನೂ ತೆರಬೇಕಾದ ಬೆಲೆ ಇದು. ಬ್ರೇಬಮನೂ ಈಸ್ಟ್ ಲಂಡನ್ನಿನಲ್ಲಿ ಅದನ್ನು ತೆತ್ತವನೇ. ವ್ಯತ್ಯಾಸವೆಂದರೆ ಅವನು ಅದನ್ನು ಜನವರಿಯಲ್ಲಿ, ಅಂಕಗಳಿಲ್ಲದ ಪಂದ್ಯದಲ್ಲಿ ತೆತ್ತನು. ಉಳಿದವರು ಜುಲೈಯಲ್ಲಿ ತೆತ್ತರು. ಜನವರಿಯಲ್ಲಿ ತೆರಲು ಸಾಧ್ಯವಾದದ್ದು ಸಿದ್ಧವಾಗಿದ್ದ ಒಡಲು, ಒಂದೇ ದಂಡದ ತಲೆ, ಬೇರೆ ಕಾರಿನ ತೋಳು, ಮೂಲೆಯಲ್ಲಿ ಉಳಿದಿದ್ದ ಚೌಕಟ್ಟು ಇವುಗಳಿಂದ ಕೆಲಸ ಆಗುವುದೆಂದು ಎರಡು ವರ್ಷ ಮೊದಲೇ ನಿಶ್ಚಯಿಸಿದ್ದರಿಂದ.

ಈ ವಾದವನ್ನು ಪರೀಕ್ಷಿಸುವುದಕ್ಕೆ ಮುಂದಿನ ವರ್ಷಗಳೇ ಸಾಕ್ಷಿ. 1967ರಲ್ಲಿ ರೆಪ್ಕೊ ಓಲ್ಡ್ಸ್‌ಮೊಬೀಲಿನ ಒಡಲನ್ನು ಬಿಟ್ಟು ತನ್ನದೇ ಒಡಲನ್ನು ಎರಕ ಹೊಯ್ದಿತು. ಆದರೆ ತಲೆಗೆ ಒಂದೇ ದಂಡವೆಂಬ ಸರಳತೆಯನ್ನು ಬಿಡಲಿಲ್ಲ. ಹಲ್ಮ್ ಆ ವರ್ಷ ಚಾಂಪಿಯನ್ ಆದನು, ಬ್ರೇಬಮ್ ಎರಡನೆಯವನು. 1968ರಲ್ಲಿ ಫೋರ್ಡ್-ಕಾಸ್‌ವರ್ತ್ ಎಂಜಿನ್ನಿನ ಶಕ್ತಿಗೆ ಸರಿಗಟ್ಟಬೇಕೆಂದು ತಲೆಗೆ ಎರಡೆರಡು ದಂಡ, ಸಿಲಿಂಡರಿಗೆ ನಾಲ್ಕು ಕವಾಟಗಳ ಹೊಸ ಎಂಜಿನ್ನನ್ನು ತಂದರು. ಹೊಸದಾಗಿ ತಂಡ ಸೇರಿದ್ದ ಯೊಖೆನ್ ರಿಂಟ್ ಅದರಿಂದ ಎರಡು ಪಂದ್ಯಗಳ ಅಭ್ಯಾಸದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದನು. ಆದರೆ ಓಟದ ಕೊನೆ ಮುಟ್ಟುವುದೇ ಅಪೂರ್ವವಾಯಿತು. ಕೆಟ್ಟ ಭಾಗ ಇಂಗ್ಲೆಂಡಿನಲ್ಲಿ, ಅದನ್ನು ತಿದ್ದುವವರು ಮೆಲ್ಬೋರ್ನಿನಲ್ಲಿ. ಸರಳವಾದ ಎಂಜಿನ್ನಿಗೆ ಈ ದೂರ ಲೆಕ್ಕಕ್ಕೆ ಬಂದಿರಲಿಲ್ಲ. ತೊಡಕಿನ ಎಂಜಿನ್ನಿಗೆ ಅದೇ ಮಾರಕವಾಯಿತು. ಬ್ರೇಬಮನಿಗೆ ಆ ವರ್ಷವೆಲ್ಲ ಸೇರಿ ದೊರೆತದ್ದು ಎರಡು ಅಂಕ. ವರ್ಷಾಂತ್ಯಕ್ಕೆ ರೆಪ್ಕೊ ಈ ಪಂದ್ಯಗಳಿಂದ ನಿವೃತ್ತವಾಯಿತು.

‘ಹಳೆಯ ಮೊಳೆ’ಯ ಕೆಲಸ ಮಾತ್ರ 1966ಕ್ಕೆ ಮುಗಿದಿರಲಿಲ್ಲ. 1967ರ ಮೊನಾಕೊ ಪಂದ್ಯದ ಅಭ್ಯಾಸದಲ್ಲಿ, ಈಗ ರೆಪ್ಕೊವಿನ ಹೊಸ ಎಂಜಿನ್ನನ್ನು ಹೊತ್ತು, ಅದೇ ಎಲ್ಲಕ್ಕಿಂತ ವೇಗದ ಕಾರು. ಓಟದಲ್ಲಿ ಎಂಜಿನ್ ಒಡೆಯಿತು. ಜೂನ್ 4ರಂದು ಜಾಂಡ್‌ವೋರ್ಟಿನಲ್ಲಿ ಫೋರ್ಡ್-ಕಾಸ್‌ವರ್ತ್ ಎಂಜಿನ್ನಿನ ಲೋಟಸ್ 49 ಮೊದಲ ಬಾರಿಗೆ ಓಡಿ ಕ್ಲಾರ್ಕನ ಕೈಯಲ್ಲಿ ಗೆದ್ದಿತು. ಆ ದಿನ ಅದರ ಹಿಂದೆ ಎರಡನೆಯದಾಗಿ ಗುರಿ ಮುಟ್ಟಿದ್ದು, ಬಾರದ ಎಂಜಿನ್ನೊಂದಕ್ಕಾಗಿ 1965ರಲ್ಲಿ ಬೆಸೆದಿದ್ದ ಕೊಳವೆಗಳ ಬಿಟಿ 19.